ನಿಂತ ಫೋಟೋಗಳನ್ನು ನಡೆಸುವ ಚಟ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಗೋಡೆಗೆ ಹೋಗುತ್ತದೆ. ಮನೆಯವರು ನೀರಿನ ಲೋಟ ಹಿಡಿದು "ಬಿಸಿಲಾಗ ಬಂದೀರಿ, ಕುಂದರ್ರಿ" ಎನ್ನುವಷ್ಟರಲ್ಲಿ ನಾನು ಕತ್ತೆತ್ತಿ ಅವರ ಅಜ್ಜನ ಫೋಟೋ ನೋಡುತ್ತಾ, "ಅದನ್ನ ಒಂದೀಟು ಕೆಳಗ ಇಳಸ್ತೀರೇನ್ರಿ?" ಎಂದು ಕೇಳಿರುತ್ತೇನೆ. ಸ್ಟೂಲು ಬರುತ್ತದೆ, ಫೋಟೋ ಇಳಿಯುತ್ತದೆ, ಅದರ ಹಿಂದೆ ಸಂಸಾರ ಹೂಡಿದ್ದ ಹಲ್ಲಿ ಗಾಬರಿಯಾಗಿ ಮೂಲೆಗೆ ಓಡುತ್ತದೆ. ಗಾಜಿನ ಮೇಲೆ ಬೆಳಕು ಹೊಳೆಯಬಾರದೆಂದು ನಾನು ಮೊಬೈಲ್ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಕೊನೆಗೆ ಮಂಡಿಯೂರಿ ಆ ಅಜ್ಜನ ಚಿತ್ರ ಹಿಡಿದುಕೊಳ್ಳುತ್ತೇನೆ. ದೂರದಿಂದ ನೋಡಿದವರಿಗೆ ಇವಳು ಯಾರದೋ ಅಜ್ಜನಿಗೆ ಇಷ್ಟು ಭಕ್ತಿಯಿಂದ ನಮಸ್ಕರಿಸುತ್ತಿದ್ದಾಳಲ್ಲ ಎನ್ನಿಸಬೇಕು. ನಮ್ಮ ಬಳಗದಲ್ಲಿ ಈಗ ನಾನು ಬರುತ್ತೇನೆಂದು ತಿಳಿದರೆ ಅಡುಗೆಗಿಂತ ಮೊದಲು ಫೋಟೋಗಳ ಧೂಳು ಒರೆಸುತ್ತಾರಂತೆ.

ಇದೆಲ್ಲ ಶುರುವಾದದ್ದು ಒಂದು ಸಿ.ಡಿ.ಯಿಂದ. ನಾನು ಬಳ್ಳಾರಿಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕಿದ್ದೆ. ಪುಸ್ತಕಗಳ ಪಟ್ಟಿ ಮಾಡಲು ಕಂಪ್ಯೂಟರು ಬಂತು, ಅದರ ಬೆನ್ನಿಗೆ ಸ್ಕ್ಯಾನರು ಬಂತು, ಸ್ಕ್ಯಾನರಿನ ಪೆಟ್ಟಿಗೆಯಲ್ಲಿ ಬೇಡದ ನೆಂಟನ ಹಾಗೆ ಒಂದು ಸಿ.ಡಿ.ಯೂ ಬಂತು. ಅದನ್ನು ಹಾಕಿ ನೋಡಿದರೆ ಫೋಟೋಗಳನ್ನು ಒಂದರ ಹಿಂದೆ ಒಂದು ಓಡಿಸುವ ತಂತ್ರಾಂಶ. ಒಂದು ಫೋಟೋ ಪುಸ್ತಕದ ಹಾಳೆಯಂತೆ ಮಗುಚಿಕೊಂಡು ಇನ್ನೊಂದಾಗುತ್ತದೆ. ಇನ್ನೊಂದು ಗಾಜಿನಂತೆ ಒಡೆದು ಮತ್ತೊಂದಾಗುತ್ತದೆ. ಬೇಕೆಂದರೆ ಮೇಲಿನಿಂದ ಹೂವು ಉದುರುತ್ತವೆ, ಚಿಟ್ಟೆ ಹಾರುತ್ತವೆ, ಹಿಂದೆ ವೀಣೆ ನುಡಿಯುತ್ತದೆ. ಆ ಮಧ್ಯಾಹ್ನ ನಾನು ಪಟ್ಟಿ ಮಾಡಬೇಕಿದ್ದ ಪುಸ್ತಕಗಳು ಹಾಗೆಯೇ ಉಳಿದವು.

ಅಂದಿನಿಂದ ಮದುವೆ, ನಾಮಕರಣ, ನಿವೃತ್ತಿ, ಯಾವುದಿದ್ದರೂ ನನ್ನದೊಂದು "ಪಿಕ್ಚರ್" ಇದ್ದೇ ಇರುತ್ತದೆ. ಕರೆಂಟಿನ ಆಫೀಸಿನಲ್ಲಿ ದುಡಿದು ನಿವೃತ್ತರಾದ ನಮ್ಮ ಯಜಮಾನರು, ನಾನು ಲ್ಯಾಪ್‌ಟಾಪ್ ತೆರೆದರೆ ಸಾಕು, "ಕುಂತಳಪ್ಪ, ಇನ್ನ ಹೂವು ಉದುರಸಾಕ" ಎಂದು ತಾವೇ ಎದ್ದು ಚಹಾ ಮಾಡಿಕೊಳ್ಳುತ್ತಾರೆ. ಚಟದಿಂದ ಆದ ಲಾಭ ಅದೊಂದು.

ಅನಾಹುತವೂ ಆಗಿದೆ. ಸಿರಿಗೇರಿಯಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡಾಗ ಶಿವಗಣಾರಾಧನೆಯ ದಿನಕ್ಕೆಂದು ಅವರ ಬದುಕಿನ ಹದಿನೆಂಟು ಫೋಟೋ ಜೋಡಿಸಿದೆ. ಹಿಂದಿನ ವಾರವಷ್ಟೇ ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಮಾಡಿದ್ದ ಚೌಕಟ್ಟನ್ನೇ ತೆರೆದು ಫೋಟೋ ಬದಲಿಸಿದ್ದೆ, ಉಳಿದದ್ದನ್ನು ಬದಲಿಸುವುದು ಮರೆತಿದ್ದೆ. ವಿಭೂತಿ ಹಚ್ಚಿಕೊಂಡು ಗಂಭೀರವಾಗಿ ಕೂತ ದೊಡ್ಡಪ್ಪನ ಹಿಂದಿನಿಂದ ಕೆಂಪು, ಹಳದಿ, ನೀಲಿ ಬಲೂನುಗಳು ಏಳತೊಡಗಿದವು. ಒಂದಲ್ಲ, ಎರಡಲ್ಲ, ಹದಿನೆಂಟು ಫೋಟೋಗೂ. ನಾನು ನೆಲ ನೋಡುತ್ತಾ ನಿಂತೆ. ಮುಂದಿನ ಸಾಲಿನಲ್ಲಿದ್ದ ದೊಡ್ಡಪ್ಪನ ಗೆಳೆಯರೊಬ್ಬರು ಕಣ್ಣೊರೆಸಿಕೊಂಡು, "ಕೈಲಾಸಕ್ಕ ಹೊಂಟಿದ್ದು ಎಷ್ಟು ಚಂದ ತೋರಸಿದಿಯವ್ವ" ಎಂದರು.

ಹೂವು, ಬಲೂನುಗಳ ಹುಚ್ಚು ನನಗೆ ಒಂದೆರಡು ವರ್ಷಕ್ಕೇ ಬಿಟ್ಟಿತು. ಬಿಡದೆ ಉಳಿದದ್ದು ಇನ್ನೊಂದು. ಫೋಟೋದ ಮೇಲೆ ಒಂದು ಚೌಕ ಎಳೆಯಬೇಕು, ಶುರು ಅಲ್ಲಿಂದ. ಬೇರೆ ಕಡೆ ಇನ್ನೊಂದು ಚೌಕ ಎಳೆಯಬೇಕು, ಕೊನೆ ಅಲ್ಲಿಗೆ. ಐದು ಸೆಕೆಂಡು ಎಂದು ಹೇಳಿದರೆ ಯಂತ್ರ ನಿಧಾನವಾಗಿ ನಮ್ಮನ್ನು ಇಲ್ಲಿಂದ ಅಲ್ಲಿಗೆ ನಡೆಸಿಕೊಂಡು ಹೋಗುತ್ತದೆ. ನೋಡುವವರಿಗೆ ಫೋಟೋ ಜೀವ ಬಂದು ಚಲಿಸಿದಂತೆ ಕಾಣುತ್ತದೆ. ನಿಜವಾಗಿ ಅಲ್ಲಿ ನಿಂತವರು ನಿಂತಲ್ಲೇ ಇರುತ್ತಾರೆ, ನಾವು ಅವರ ಹತ್ತಿರ ಹೋಗುತ್ತೇವೆ. ಇದು ತಿಳಿದ ಮೇಲೆ ನನಗೆ ಬೇರೆ ಯಾವ ಚಮತ್ಕಾರವೂ ರುಚಿಸಲಿಲ್ಲ.

ಬಹುಶಃ ನಮ್ಮ ಮನೆಯಲ್ಲಿ ಫೋಟೋಗಳ ಬರ ಇದ್ದದ್ದಕ್ಕೆ ಈ ಹಸಿವು. ಸಿರುಗುಪ್ಪದಲ್ಲಿ ನಾನು ಬೆಳೆದ ಮನೆಯಲ್ಲಿ ಇದ್ದದ್ದು ಮೂರೇ ಫೋಟೋ. ಮೂರರಲ್ಲೂ ನಾವೆಲ್ಲ ಕಳ್ಳರನ್ನು ಕಂಡವರ ಹಾಗೆ ಕಣ್ಣು ಬಿಟ್ಟಿದ್ದೇವೆ. ರೆಪ್ಪೆ ಬಡಿದರೆ ಫೋಟೋ ಕೆಡುತ್ತದೆಂದು ನಮ್ಮಪ್ಪ ಸ್ಟುಡಿಯೋದ ಬಾಗಿಲಲ್ಲೇ ಎಚ್ಚರಿಸಿ ಒಳಗೆ ಕರೆದೊಯ್ಯುತ್ತಿದ್ದರು. ಅಕ್ಕಿ ಗಿರಣಿಗಳ ತೌಡಿನ ವಾಸನೆ, ಸಂಜೆಗೆ ಹೊಳೆಯ ಕಡೆಯಿಂದ ಬರುವ ತಂಪು, ಗದ್ದೆಯ ಕೆಸರು ಮೆತ್ತಿಕೊಂಡ ಎತ್ತುಗಳ ಕಾಲು, ಇವು ಯಾವುದರದೂ ಫೋಟೋ ಯಾರೂ ತೆಗೆಯಲಿಲ್ಲ. ಇಮಾಂಬಿಯದೂ ತೆಗೆಯಲಿಲ್ಲ.

ಇಮಾಂಬಿ ನನ್ನ ಜೊತೆ ಐದನೆಯ ತರಗತಿಯಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕೂತವಳು. ಅವಳ ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಬಿಲ್ಲಿನಂಥ ದೊಡ್ಡ ಸಾಧನದ ತಂತಿಯನ್ನು ಮೀಟಿದರೆ ಟೊಂಯ್ ಟೊಂಯ್ ಎಂದು ಓಣಿಗೆಲ್ಲ ಕೇಳುತ್ತಿತ್ತು, ಗಟ್ಟಿಯಾಗಿದ್ದ ಹತ್ತಿ ನೊರೆಯ ಹಾಗೆ ಮೇಲೇಳುತ್ತಿತ್ತು. ಇಮಾಂಬಿ ಶಾಲೆಗೆ ಬರುವಾಗ ಜಡೆಯಲ್ಲಿ ಯಾವಾಗಲೂ ಒಂದೆರಡು ಎಳೆ ಹತ್ತಿ ಸಿಕ್ಕಿಕೊಂಡಿರುತ್ತಿತ್ತು. ಪ್ರಾರ್ಥನೆಗೆ ನಿಂತಾಗ ಹಿಂದಿನಿಂದ ಅದನ್ನು ಆರಿಸಿ ತೆಗೆಯುವುದು ನನ್ನ ದಿನದ ಮೊದಲ ಕೆಲಸ. ಮಧ್ಯಾಹ್ನ ಅವಳ ಬುತ್ತಿಯ ಜೋಳದ ರೊಟ್ಟಿ ನನಗೆ, ನನ್ನ ಚಿತ್ರಾನ್ನ ಅವಳಿಗೆ. ಗುಟ್ಟು ಹೇಳಬೇಕಾದರೆ ನಾವಿಬ್ಬರೂ ತೆಲುಗಿಗೆ ಇಳಿಯುತ್ತಿದ್ದೆವು. ಅರ್ಧ ಊರಿಗೆ ತೆಲುಗು ಬರುತ್ತದೆಂಬುದು ನಮಗೆ ಹೊಳೆದೇ ಇರಲಿಲ್ಲ.

ಅವಳ ಕೈಬರಹ ಮುತ್ತಿನಂತಿತ್ತು. ಬೋರ್ಡಿನ ಮೇಲೆ ಸುಭಾಷಿತ ಬರೆಯಲು ಕನ್ನಡ ಮಾಸ್ತರು ಕರೆಯುತ್ತಿದ್ದದ್ದು ಅವಳನ್ನೇ. ನನ್ನ ಅಕ್ಷರಗಳು ಶುರುವಿಗೆ ನೆಟ್ಟಗೆ ಹೊರಟು ಸಾಲಿನ ಕೊನೆಗೆ ಇಳಿಜಾರಿನಲ್ಲಿ ಜಾರುತ್ತಿದ್ದವು. ಪರೀಕ್ಷೆಯ ಅಂಕದಲ್ಲಿ ನಾನೇ ಮುಂದೆ, ಆದರೂ ಬೋರ್ಡಿನ ಮುಂದೆ ಅವಳು ನಿಂತಾಗ ಅವಳ ಸಾಲಿನಲ್ಲಿ ಒಂದಾದರೂ ತಪ್ಪು ಸಿಗಲೆಂದು ಹುಡುಕುತ್ತಿದ್ದೆ. ಇದನ್ನು ನಾನು ಆಗ ನನಗೇ ಹೇಳಿಕೊಂಡಿರಲಿಲ್ಲ.

ಹತ್ತನೆಯ ತರಗತಿಯ ಕೊನೆಗೆ ಗ್ರೂಪ್ ಫೋಟೋ ತೆಗೆಯುವುದು ನಿಶ್ಚಯವಾಯಿತು. ಭಾನುವಾರ ಬೆಳಿಗ್ಗೆ ಫೋಟೋಗ್ರಾಫರು ಬರುತ್ತಾರೆ, ಎಲ್ಲರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಮಾಸ್ತರು ಶುಕ್ರವಾರ ಹೇಳಿದಾಗ ಇಮಾಂಬಿ ಜ್ವರದಿಂದ ಬಂದಿರಲಿಲ್ಲ. ಮಾಸ್ತರು ನನ್ನನ್ನು ಕರೆದು, "ಇಮಾಂಬಿಗೆ ತಪ್ಪದ ಹೇಳು. ತರಗತಿ ಹೆಸರು ಹಲಗಿ ಮ್ಯಾಲ ಆಕಿನ ಬರೀಬೇಕು, ಮುಂದಿನ ಸಾಲಿನ ನಡುವ ಹಿಡಕೊಂಡು ಕುಂದರಬೇಕು" ಎಂದರು.

ಸಂಜೆ ನಾನು ಅವಳ ಓಣಿಯಲ್ಲೇ ನಡೆದು ಬಂದೆ. ಟೊಂಯ್ ಟೊಂಯ್ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದೇ ಇತ್ತು. ಹೇಳಬಾರದೆಂದು ನಾನೇನೂ ನಿರ್ಧರಿಸಿರಲಿಲ್ಲ, ಕಾಲು ನಿಲ್ಲಲಿಲ್ಲ ಅಷ್ಟೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಆ ಓಣಿ ಬಿಟ್ಟು ಗಿರಣಿಯ ಕಡೆಯಿಂದ ಸುತ್ತಿ ಮನೆಗೆ ಬಂದೆ. ಭಾನುವಾರ ಮಾಸ್ತರು "ಇಮಾಂಬಿ ಎಲ್ಲೆ?" ಎಂದಾಗ ನನ್ನ ಬಾಯಿ ತಾನೇ ಉತ್ತರ ಕೊಟ್ಟಿತು: "ಹೇಳಿ ಬಂದೀನ್ರಿ ಸರ್. ಬರಂಗಿಲ್ಲಂತ."

ಹಲಗೆ ನನ್ನ ಕೈಗೆ ಬಂತು. ಫೋಟೋದಲ್ಲಿ ನಾನು ಮುಂದಿನ ಸಾಲಿನ ನಟ್ಟನಡುವೆ ಅದನ್ನು ಎದೆಗೆ ಒತ್ತಿ ಹಿಡಿದು ಕೂತಿದ್ದೇನೆ. "ಹತ್ತನೇ ತರಗತಿ" ಎಂಬ ಅಕ್ಷರಗಳು ಜಾರುತ್ತಾ ಬಂದು, ಕೊನೆಯ "ತಿ" ಹಲಗೆಯ ಅಂಚಿನಲ್ಲಿ ಬೀಳಲೋ ಬೇಡವೋ ಎಂದು ನೇತಾಡುತ್ತಿದೆ.

ಆಮೇಲೆ ಇಮಾಂಬಿ ಪರೀಕ್ಷೆಯಲ್ಲಿ ಸಿಕ್ಕಳು. ಮಾತಾಡಿದಳು, ಆದರೆ ಮೊದಲಿನಂತೆ ಅಲ್ಲ. ಫೋಟೋದ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಗಿ ಕುರುಗೋಡಿಗೆ ಹೋದಳೆಂದು ಯಾರಿಂದಲೋ ತಿಳಿಯಿತು. ಅವಸರದ ಮದುವೆ, ಅದಕ್ಕೇ ಕರೆದಿಲ್ಲ ಎಂದುಕೊಂಡೆ. ನಾನು ಓದಲು ಬಳ್ಳಾರಿಗೆ ಬಂದೆ. ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲ. ಆ ದಾರಿ ನಡೆಯಲು ನನಗೆ ನಲವತ್ತು ವರ್ಷ ಹಿಡಿಯಿತು.

ಕಳೆದ ವರ್ಷ ನಮ್ಮ ತರಗತಿಯವರದೊಂದು ವಾಟ್ಸ್‌ಆ್ಯಪ್ ಗುಂಪು ಹುಟ್ಟಿತು. ಹುಟ್ಟಿಸಿದವನು ಕರೂರಿನ ಮಲ್ಲಿಕಾರ್ಜುನ. ಆಗ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದವನು, ಈಗ ಭತ್ತ ಬೆಳೆಯುತ್ತಾನೆ, ಯಾರನ್ನೂ ನಿದ್ದೆ ಮಾಡಲು ಬಿಡುವುದಿಲ್ಲ. ತೊಂಬತ್ತರ ಹತ್ತಿರ ಬಂದಿದ್ದ ನಮ್ಮ ಕನ್ನಡ ಮಾಸ್ತರಿಗೆ ಸಿರುಗುಪ್ಪದಲ್ಲಿ ಸನ್ಮಾನ ಮಾಡೋಣವೆಂದು ಅವನೇ ಎತ್ತಿದ. ಒಂದು ದಿನ ಫೋನು ಬಂತು.

"ನೀಲಾ, ನೀ ಪಿಕ್ಚರ್ ಮಾಡ್ತೀಯಂತಲ್ಲ. ನಮ್ಮ ಮಾಸ್ತರಿಗೂ ಒಂದು ಮಾಡಿಕೊಡು. ಬಲೂನ್ ಬ್ಯಾಡ."

ಬಲೂನಿನ ಸುದ್ದಿ ಸಿರಿಗೇರಿಯಿಂದ ಕರೂರಿಗೂ ಮುಟ್ಟಿತ್ತು.

ಫೋಟೋ ಕಳಿಸಿ ಎಂದರೆ ಎಲ್ಲರೂ ಕಳಿಸಿದ್ದು ಅದೊಂದೇ ಗ್ರೂಪ್ ಫೋಟೋ. ಒಬ್ಬರ ಮನೆಯಲ್ಲಿ ಗೆದ್ದಲು ತಿಂದದ್ದು, ಇನ್ನೊಬ್ಬರದು ಗೋಡೆಯ ನೀರು ಕುಡಿದದ್ದು, ಎಲ್ಲವೂ ಕಟ್ಟು ಹಾಕಿಸುವಾಗ ನಾಲ್ಕೂ ಅಂಚು ಕತ್ತರಿಸಿಕೊಂಡವು. ಮಲ್ಲಿಕಾರ್ಜುನ ಅದರ ಕೆಳಗೆ ಬರೆದ: "ಎಲ್ಲಾರೂ ಅದಾರ, ಇಮಾಂಬಿ ಎಲ್ಲಿ?" ನನ್ನ ಬೆರಳು ಟೈಪ್ ಮಾಡಿತು: "ಅವತ್ತು ಅವಳು ಬಂದಿರಲಿಲ್ಲ." ನಲವತ್ತು ವರ್ಷದ ಮೇಲೂ ಬೆರಳಿಗೆ ಅಷ್ಟು ಸಲೀಸು. ಕಳಿಸಿದ ಮೇಲೆ ಫೋನನ್ನು ಬೋರಲು ಹಾಕಿ ಅಡುಗೆಮನೆಗೆ ಹೋಗಿ, ಮಾಡಲು ಏನೂ ಇಲ್ಲದೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಒಳ್ಳೆಯ ಪ್ರತಿ ಮಾಸ್ತರ ಮನೆಯಲ್ಲೇ ಸಿಕ್ಕಿತು. ಅವರು ಅದಕ್ಕೆ ಕಟ್ಟು ಹಾಕಿಸದೆ ನಿಘಂಟಿನೊಳಗೆ ಇಟ್ಟಿದ್ದರಂತೆ. ಮಲ್ಲಿಕಾರ್ಜುನ ಅದನ್ನು ರಟ್ಟಿನ ನಡುವೆ ಇಟ್ಟು ಬಳ್ಳಾರಿಗೆ ತಂದುಕೊಟ್ಟ. ಅಂಚು ಕತ್ತರಿಸದ, ಪೂರ್ತಿ ಅಗಲದ ಫೋಟೋ. ಬಲಗಡೆ ಶಾಲೆಯ ವರಾಂಡ, ಅದರಾಚೆ ಕಾಂಪೌಂಡಿನ ಗೇಟು, ಬೇರೆ ಯಾರ ಪ್ರತಿಯಲ್ಲೂ ಇಲ್ಲದ ಜಾಗ.

ಮಧ್ಯಾಹ್ನ ಊಟವಾದ ಮೇಲೆ ಸ್ಕ್ಯಾನ್ ಮಾಡಿ ಕೂತೆ. ಹಳೆಯ ಫೋಟೋಗಳ ಮೇಲೆ ಬಿಳಿ ಚುಕ್ಕೆಗಳಿರುತ್ತವೆ, ಧೂಳಿನವು, ಬೂಷ್ಟಿನವು. ಫೋಟೋ ದೊಡ್ಡದು ಮಾಡಿಕೊಂಡು ಒಂದೊಂದು ಚುಕ್ಕೆಯ ಮೇಲೂ ಒತ್ತಿದರೆ ತಂತ್ರಾಂಶ ಅದನ್ನು ಅಳಿಸುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ, ಮನಸ್ಸಿಗೆ ಹಿತವಾದ ಕೆಲಸ. ಎಡದಿಂದ ಆರಿಸುತ್ತಾ ಬಲಕ್ಕೆ ಬಂದೆ, ವರಾಂಡ ದಾಟಿದೆ, ಗೇಟಿಗೆ ಬಂದೆ. ಅಲ್ಲಿ ಒಂದೇ ಕಡೆ ಎಂಟು ಹತ್ತು ಚುಕ್ಕೆಗಳಿದ್ದವು. ಒಂದನ್ನು ಅಳಿಸಿದೆ, ಎರಡು, ಮೂರು. ನಾಲ್ಕನೆಯದರ ಮೇಲೆ ಒತ್ತುವಾಗ ಕೈ ನಿಂತಿತು. ಧೂಳು ಹೀಗೆ ಒಂದೇ ಕಡೆ ಗುಂಪುಗೂಡುವುದಿಲ್ಲ. ಇನ್ನೂ ದೊಡ್ಡದು ಮಾಡಿದೆ. ಗೇಟಿನ ಕಂಬದ ಹಿಂದೆ ಅರ್ಧ ಮುಖ, ಒಂದು ಹೆಗಲು, ಲಂಗದ ಅಂಚು. ಆ ಬಿಳಿ ಚುಕ್ಕೆಗಳಿದ್ದದ್ದು ತಲೆಗೂದಲಿನಲ್ಲಿ.

ಅವು ಹತ್ತಿ.

ಅವಳು ಬಂದಿದ್ದಳು. ಹಲಗೆ ಹಿಡಿದು ನಾನು ಕಣ್ಣು ಅಗಲಿಸಿ ಕ್ಯಾಮೆರಾ ನೋಡುತ್ತಿದ್ದಾಗ, ಅವಳು ಅಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ನಾನು ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಅವಳು ಮೊದಲ ದಿನವೇ ನೋಡಿದ್ದಳು.

"ಯಾಕ ಅಳಾಕ ಹತ್ತಿ?" ಎಂದು ಯಜಮಾನರು ಬಂದರು. ಮೊದಲ ಸಲ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಪರದೆಯ ಹತ್ತಿರ ಬಾಗಿ ಗೇಟನ್ನು ಬಹಳ ಹೊತ್ತು ನೋಡಿದರು. ತಮಾಷೆ ಮಾಡಲಿಲ್ಲ. "ಆಕಿ ಎಲ್ಲಿ ಅದಾಳಂತ ಕೇಳು. ಹೋಗಿ ಬಾ" ಎಂದರು.

ಮಲ್ಲಿಕಾರ್ಜುನ ಎರಡೇ ದಿನದಲ್ಲಿ ಪತ್ತೆ ಹಚ್ಚಿದ. ಇಮಾಂಬಿ ಕುರುಗೋಡಿನಲ್ಲೇ ಇದ್ದಳು. ಅಂಗನವಾಡಿ ಟೀಚರ್ ಆಗಿದ್ದಳು. ನಾನು ತಕ್ಷಣ ಹೋಗಲಿಲ್ಲ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ನನ್ನ ಚಟದ ಬುದ್ಧಿಗೆ ತೋಚಿದ್ದನ್ನು ಮಾಡಿದೆ. ಗೇಟಿನ ಹತ್ತಿರ ನಿಂತವಳನ್ನು ಕತ್ತರಿಸಿ ತೆಗೆದೆ. ಕಾಣದ ಅರ್ಧ ಮುಖವನ್ನು ಕಾಣುವ ಅರ್ಧದಿಂದ ತುಂಬಿಸಿದೆ. ತಲೆಯ ಹತ್ತಿಯನ್ನೆಲ್ಲ ಒರೆಸಿದೆ. ಮುಂದಿನ ಸಾಲಿನಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿ ನಡುವೆ ಅವಳನ್ನು ಕೂರಿಸಿ, ಕೈಗೆ ಹಲಗೆ ಕೊಟ್ಟೆ. ನಾಲ್ಕು ಮಧ್ಯಾಹ್ನ ಹಿಡಿಯಿತು. ಗೊತ್ತಿಲ್ಲದವರು ನೋಡಿದರೆ ಅವಳು ಅಲ್ಲೇ ಹುಟ್ಟಿ ಬೆಳೆದವಳಂತೆ ಕಾಣುತ್ತಿದ್ದಳು. ನನಗೆ ನನ್ನ ಕೈಚಳಕದ ಮೇಲೆ ಸ್ವಲ್ಪ ಹೆಮ್ಮೆಯೂ ಆಯಿತೆಂದರೆ ನಂಬುತ್ತೀರಾ?

ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಬಂಡೆಗಲ್ಲಿನ ಗುಡ್ಡ ಕಾಣಿಸುತ್ತಲೇ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, "ಟೀಚರಮ್ಮನ ಮನಿ" ಎಂದರೆ ಓಣಿಯೇ ಕೈ ತೋರಿಸಿತು. ಬಾಗಿಲಲ್ಲಿ ನಿಂತವಳು ದಪ್ಪ ಕನ್ನಡಕದ, ನರೆಗೂದಲಿನ ಹೆಂಗಸು. ಒಂದು ಗಳಿಗೆ ನನ್ನನ್ನೇ ನೋಡಿದಳು.

"ಯವ್ವಾ! ನೀಲಾ ಅಲ್ಲೇನು? ಬಾ ಒಳಗ. ಅಲ್ಲಲೇ, ಎಷ್ಟು ದಪ್ಪ ಆಗಿದಿ!"

ಅಷ್ಟು ವರ್ಷಗಳ ಮೇಲೆ ಯಾರಾದರೂ ನನ್ನನ್ನು "ಲೇ" ಎಂದರಲ್ಲ ಎಂದು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದೆ. ಅವಳು ನನ್ನನ್ನು ಕೂರಿಸಿ, ಬೇಡವೆಂದರೂ ಕೇಳದೆ ಮಂಡಕ್ಕಿಯ ಒಗ್ಗರಣೆ ಮಾಡಿ, ಮಿರ್ಚಿ ಕರಿದು ತಂದಳು. ಗಂಡನ ಸುದ್ದಿ, ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಆಯಿತು. ತಟ್ಟೆ ಖಾಲಿಯಾಯಿತು. ಹೇಳಬೇಕಾದದ್ದು ಮಾತ್ರ ಹಾಗೇ ಉಳಿಯಿತು. ಕೊನೆಗೆ ಬಾಯಿಂದ ಆಗದ ಕೆಲಸವನ್ನು ಲ್ಯಾಪ್‌ಟಾಪಿಗೆ ಒಪ್ಪಿಸಿದೆ. ಗ್ರೂಪ್ ಫೋಟೋ ಬಂತು. ನಾನು ಎಳೆದಿದ್ದ ಚೌಕದಂತೆ ಚಿತ್ರ ಹಲಗೆಯಿಂದ ಹೊರಟು, ಸಾಲು ದಾಟಿ, ವರಾಂಡ ದಾಟಿ, ಗೇಟಿನ ಹತ್ತಿರ ನಿಂತಿತು.

ಇಮಾಂಬಿ ಕನ್ನಡಕ ಸರಿಮಾಡಿಕೊಂಡಳು. "ಅಯ್ಯ, ಇದು ನಾನ ಅಲ್ಲೇನು?"

"ಇಮಾಂಬಿ, ಅವತ್ತು ಮಾಸ್ತರು ನಿನಗ ಹೇಳು ಅಂದಿದ್ರು. ನಾನ ಹೇಳಲಿಲ್ಲ. ಬರಂಗಿಲ್ಲಂತ ಸುಳ್ಳು ಹೇಳಿದೆ."

"ಗೊತ್ತೈತಿ."

ಅವಳು ಪರದೆಯಿಂದ ಕಣ್ಣು ತೆಗೆಯದೆ ಮಾತಾಡಿದಳು. "ಅವತ್ತು ಅಪ್ಪ ಸಾಲಿ ಬಾಜುಕ ಹೆಡ್‌ಮಾಸ್ತರ ಮನ್ಯಾಗ ಗಾದಿ ಮಾಡಾಕ ಹೋಗಿದ್ದ. ಜ್ವರ ಬಿಟ್ಟಿತ್ತು, ಬುತ್ತಿ ತಗೊಂಡು ಹೋಗಿ ನಾನೂ ಹತ್ತಿ ಬಿಡಿಸಾಕ ಕುಂತಿದ್ದೆ. ಗದ್ದಲ ಕೇಳಿ ಗೇಟಿನ ತನಕ ಬಂದೆ. ನೋಡಿದರ ನೀವೆಲ್ಲಾ ಸಾಲು ಹಚ್ಚಿ ಕುಂತೀರಿ."

"ಒಳಗ ಬರಬೇಕಿತ್ತು."

"ಹ್ಯಾಂಗ ಬರ್ಲಿ? ಹರಕು ಲಂಗ, ತಲಿ ತುಂಬ ಹತ್ತಿ. ಮತ್ತ ಹಲಗಿ ನಿನ್ನ ಕೈಯಾಗ ಇತ್ತು." ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಹಾಲ್ ಟಿಕೆಟ್ ತರಾಕ ಹೋದಾಗ ಮಾಸ್ತರು ಕೇಳಿದ್ರು, ನೀಲಾ ಹೇಳಿದರೂ ಯಾಕ ಬರಲಿಲ್ಲ ಅಂತ. ಹೌದ್ರಿ ಸರ್, ಹೇಳಿದ್ದಳು, ನಂಗ ಜ್ವರ ಇತ್ತು ಅಂದೆ."

"ಹಂಗ್ಯಾಕ ಅಂದಿ?"

"ಪರೀಕ್ಷಿ ನಾಲ್ಕು ದಿನ ಇತ್ತು. ನಿನ್ನ ಬೈದಿದ್ರ ನೀ ಅಳಕೋಂತ ಕುಂದರತಿದ್ದಿ, ಓದತಿರಲಿಲ್ಲ. ನನಗ ಗೊತ್ತಿಲ್ಲೇನು ನೀನು?" ಆಮೇಲೆ ನನ್ನ ಕಡೆ ತಿರುಗಿದಳು. "ಸಿಟ್ಟು ಇರಲಿಲ್ಲ ಅನಕೋಬ್ಯಾಡ. ಭಾಳ ಇತ್ತು. ಮದಿವಿಗೆ ಕರಿಯಾಕ ಅಪ್ಪ ನಿಮ್ಮ ಮನಿಗೆ ಹೊಂಟಿದ್ದ. ನಾನ ಬ್ಯಾಡ ಅಂದೆ."

ನನಗೆ ಏನು ಮಾಡಬೇಕೋ ತಿಳಿಯದೆ, ಪ್ರಾಯಶ್ಚಿತ್ತ ಎಂಬಂತೆ, ನಾಲ್ಕು ಮಧ್ಯಾಹ್ನದ ಕೆಲಸವನ್ನು ತೆರೆದು ತೋರಿಸಿದೆ. "ಸನ್ಮಾನದ ದಿನ ಇದನ್ನ ಹಾಕ್ತೀನಿ. ನಿನ್ನ ಜಾಗದಾಗ ನಿನ್ನ ಕುಂದರಿಸೀನಿ ನೋಡು."

ಇಮಾಂಬಿ ನೋಡಿದಳು. ಮುಂದಿನ ಸಾಲಿನ ನಡುವೆ ಹಲಗೆ ಹಿಡಿದು, ತಲೆ ಬಾಚಿಕೊಂಡು, ನೀಟಾಗಿ ಕೂತ ಇಮಾಂಬಿಯನ್ನು ಇಮಾಂಬಿ ಬಹಳ ಹೊತ್ತು ನೋಡಿದಳು. ಮುಖ ಅರಳಿದಂತೆ ಕಂಡಿತು. ಆಮೇಲೆ ಆರಿತು.

"ತೆಗಿ ಇದನ್ನ."

"ಯಾಕ?"

"ನಾ ಅಲ್ಲಿ ಇರಲಿಲ್ಲ. ಇದ್ದೆ ಅಂತ ತೋರಿಸಿದರ, ನೀ ಮಾಡಿದ್ದೂ ಇಲ್ಲ ಅಂದಂಗ ಆತು. ನಾ ಗೇಟಿನಾಗ ನಿಂತಿದ್ದೂ ಇಲ್ಲ ಅಂದಂಗ ಆತು. ಅಷ್ಟು ಹೊತ್ತು ನಿಂತಿದ್ದೆ, ಅದು ಎಲ್ಲಿ ಹೋಗಬೇಕು?"

ನಾನು ಆ ಚಿತ್ರವನ್ನು ಮುಚ್ಚಿದೆ. ಅವಳೇ ಕೇಳಿದಳು: "ತಲ್ಯಾಗಿನ ಹತ್ತಿ ಒರಸಿಬಿಟ್ಟೀಯಲ್ಲ, ಅದು ವಾಪಸ್ ಬರತೈತೇನು?"

"ಬರತೈತಿ. ಮೊದಲಿನದು ಹಂಗ ಇಟ್ಟೀನಿ."

"ಹಂಗಾದರ ಅದನ್ನ ಹಾಕು. ಗೇಟಿನ ತನಕ ಕರಕೊಂಡು ಬಂದಿದ್ದು ಚಲೋ ಐತಿ. ಅಷ್ಟು ಸಾಕು."

ಸಿರುಗುಪ್ಪದ ಕಲ್ಯಾಣಮಂಟಪದಲ್ಲಿ ಸನ್ಮಾನದ ದಿನ ಇಮಾಂಬಿ ಬಂದಳು, ಹಿಂದಿನ ಸಾಲಿನಲ್ಲಿ ಕೂತಳು. ಮಾಸ್ತರನ್ನು ಕುರ್ಚಿ ಸಮೇತ ಎತ್ತಿ ವೇದಿಕೆಯ ಮೇಲೆ ಕೂರಿಸಿದ್ದರು. ಗ್ರೂಪ್ ಫೋಟೋ ಬಂದಾಗ ಎಲ್ಲರೂ ತಮ್ಮನ್ನು ತಾವು ಹುಡುಕಿಕೊಂಡು ಗಲಾಟೆ ಮಾಡಿದರು. ಚಿತ್ರ ನಿಧಾನವಾಗಿ ಸರಿದು ಗೇಟಿನ ಹತ್ತಿರ ನಿಂತಾಗ ಗಲಾಟೆಯೂ ನಿಂತಿತು. "ಯಾರಲೇ ಅದು?" ಎಂದು ಯಾರೋ ಕೇಳಿದರು. ನಾನು ಮೈಕು ತೆಗೆದುಕೊಂಡು ಹೇಳಿದೆ. ಶುಕ್ರವಾರದ ಓಣಿಯಿಂದ ಹಿಡಿದು ಭಾನುವಾರದ ಸುಳ್ಳಿನವರೆಗೆ, ಒಂದೂ ಬಿಡದೆ. ಮುಗಿಸಿ ಮೈಕು ಕೆಳಗಿಟ್ಟೆ. ಆಮೇಲೆ ಮಲ್ಲಿಕಾರ್ಜುನ ಎದ್ದು, "ಅಬ್ಬಬ್ಬಾ ನೀಲಾ, ನಾವ ಕಿಲಾಡಿ ಅನಕೊಂಡಿದ್ವಿ, ನೀ ನಮಗಿಂತ ದೊಡ್ಡ ಕಿಲಾಡಿ!" ಎಂದುಬಿಟ್ಟ. ಮಂಟಪಕ್ಕೆ ಮಂಟಪವೇ ನಕ್ಕಿತು. ನಲವತ್ತು ವರ್ಷ ಹೊತ್ತದ್ದು ಇತರರಿಗೆ ಇಷ್ಟು ಹಗುರವೇ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು. ಹಿಂದಿನ ಸಾಲಿನಲ್ಲಿ ಇಮಾಂಬಿಯೊಬ್ಬಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮಾಸ್ತರಿಗೆ ಕಿವಿ ಮಂದ. ಮಗ ಕಿವಿಯಲ್ಲಿ ಎಲ್ಲವನ್ನೂ ಕೂಗಿ ಹೇಳಿದ ಮೇಲೆ ಇಮಾಂಬಿಯನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟರು. ಕೈ ತೆಗೆಯುವುದನ್ನು ಮರೆತವರಂತೆ ಹಾಗೇ ಕೂತರು.

ಈಗ ತಿಂಗಳಿಗೊಮ್ಮೆ ಕುರುಗೋ‍ಡಿಗೆ ಹೋಗುತ್ತೇನೆ. ನಾವು ಕಳೆದುಕೊಂಡದ್ದೇನೂ ತಿರುಗಿ ಬಂದಿಲ್ಲ. ಇಬ್ಬರ ಮಕ್ಕಳೂ ಒಬ್ಬರನ್ನೊಬ್ಬರು ಅರಿಯದೆ ದೊಡ್ಡವರಾದರು. ಅವಳ ಅಪ್ಪ ತೀರಿಕೊಂಡಾಗ ನಾನು ಇರಲಿಲ್ಲ, ನಮ್ಮವ್ವ ಹೋದಾಗ ಅವಳಿರಲಿಲ್ಲ. ಮಾತಿನ ನಡುವೆ ಒಬ್ಬರಿಗೆ ಗೊತ್ತಿಲ್ಲದ ಹೆಸರು ಇನ್ನೊಬ್ಬರ ಬಾಯಲ್ಲಿ ಬಂದು, "ಅವರ‍್ಯಾರು?" ಎಂದು ಕೇಳಬೇಕಾದಾಗಲೆಲ್ಲ ಸಂಕಟವಾಗುತ್ತದೆ. ಗೆಳತಿಯರು ಕೇಳುವ ಪ್ರಶ್ನೆ ಅಲ್ಲ ಅದು.

ಮೊನ್ನೆ ಹೋದಾಗ ಅವಳದೂ ಒಂದು ಪಿಕ್ಚರ್ ಮಾಡುತ್ತೇನೆ, ಇದ್ದಬದ್ದ ಫೋಟೋ ಕೊಡು ಎಂದೆ. ಟ್ರಂಕಿನ ಅಡಿಯಿಂದ ಪ್ಲಾಸ್ಟಿಕ್ ಕವರು ತೆಗೆದಳು. ಅದರೊಳಗೆ ಅವಳ ಮದುವೆಯ ಫೋಟೋ, ಇದ್ದದ್ದು ಅದೊಂದೇ. ಜಮಖಾನೆಯ ಮೇಲೆ ಸೆರಗು ಹೊದ್ದು ಕೂತ ಇಮಾಂಬಿ, ಸುತ್ತ ಒತ್ತೊತ್ತಾಗಿ ಹೆಂಗಸರು, ಮಕ್ಕಳು. ಅವಳ ಎಡಗಡೆ ಮಾತ್ರ ಒಬ್ಬರು ಕೂರುವಷ್ಟು ಜಮಖಾನೆ ಖಾಲಿ. ಇಷ್ಟು ಜನರ ನಡುವೆ ಇಲ್ಲೇಕೆ ಖಾಲಿ ಎಂದು ಕೇಳಿದೆ.

"ಅತ್ತಿ ಮಗಳು ಕುಂದರಾಕ ಬಂದಳು. ಬ್ಯಾಡ, ಅಲ್ಲಿ ಒಬ್ಬರು ಬರೋದೈತಿ ಅಂದೆ."

"ಯಾರು?"

ಇಮಾಂಬಿ ಫೋಟೋವನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಲು ಅದರ ಮೇಲೆ ಏನೂ ಇರಲಿಲ್ಲ.

"ಕರೀಲಾರದ ಹ್ಯಾಂಗ ಬರತಿದ್ದಿ ನೀನು? ನನಗ ಗೊತ್ತಿತ್ತು. ಆದರೂ ಹಂಗ ಇಟ್ಟಿದ್ದೆ."

ನಾನು ಆ ಖಾಲಿ ಜಾಗವನ್ನೇ ನೋಡುತ್ತಾ ಕೇಳಿದೆ: "ಎಷ್ಟು ಹೊತ್ತು ಇಟ್ಟಿದ್ದಿ?"

"ಫೋಟೋ ತೆಗಿಯೋ ತನಕ. ಆಮ್ಯಾಲೆ ಯಾರೋ ಬಂದು ಕುಂತರು."